ಶಾಲೆಯ ಜಗಲಿಯ ಲಸಿಕಾ ಕೇಂದ್ರ: ಶಿರಸಿ ಸೀಮೆಯ ಒಂದು ಹಳ್ಳಿಯ ಅನುಭವ

ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಜಗಲಿಗೆ ಏಳು ಮೆಟ್ಟಿಲು. ಮಳೆಗಾಲದಲ್ಲಿ ಅವು ಪಾಚಿಗಟ್ಟಿ ಜಾರುತ್ತವೆ. 2021ರ ಜುಲೈ 2ರ ಶುಕ್ರವಾರ, 76 ವರ್ಷದ ನಮ್ಮ ಆಯಿಯ (ನನ್ನ ತಾಯಿಯ) ಒಂದು ತೋಳನ್ನು ನಾನು, ಇನ್ನೊಂದನ್ನು ಮಗಳು ಹಿಡಿದು ಆ ಮೆಟ್ಟಿಲುಗಳನ್ನು ಹತ್ತಿಸಿದಾಗ, ಜಗಲಿಯ ತುದಿಯಲ್ಲಿ ಕುಳಿತಿದ್ದ ಆರೋಗ್ಯ ಸಹಾಯಕಿ ತಾವೇ ಎದ್ದು ಬಂದು ಕುರ್ಚಿ ಎಳೆದು ಕೊಟ್ಟು, "ತಿಂಡಿ ತಿಂದ್ಕೊಂಡು ಬಂದ್ರಾ ಅಮ್ಮಾ?" ಎಂದು ಕೇಳಿದರು. ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಎಲ್ಲವೂ ಆಮೇಲೆ ಬಂದವು. ಆಯಿಗೆ ಮತ್ತು ನನಗೆ ಕೋವಿಡ್ ಲಸಿಕೆಯಾದ ಕೋವಿಶೀಲ್ಡ್‌ನ ಎರಡನೇ ಡೋಸ್, ಮಗಳಿಗೆ ಮೊದಲನೇ ಡೋಸ್, ಮೂರೂ ಅಂದು ಅಲ್ಲಿಯೇ ಆದವು.

ಕೋವಿಡ್ ಲಸಿಕೆಯನ್ನು ಕುರಿತು ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಲಸಿಕೆಯ ಗುಣದೋಷಗಳ ಬಗೆಗೇ ಇವೆ. ಆ ಲಸಿಕೆಯನ್ನು ನಮ್ಮ ತೋಳಿನವರೆಗೆ ತಂದ ಸೇವೆ ಹೇಗಿತ್ತು, ಎಲ್ಲಿ ಚೆನ್ನಾಗಿ ನಡೆಯಿತು, ಎಲ್ಲಿ ಸೋತಿತು ಎಂಬುದನ್ನು ಅದನ್ನು ಬಳಸಿಕೊಂಡ ಹಳ್ಳಿಗರೇ ಬರೆದದ್ದು ಕಡಿಮೆ. ನಮ್ಮ ಮನೆಯ ನಾಲ್ವರು ಸೇರಿ ಹನ್ನೊಂದು ಬಾರಿ ಈ ಸೇವೆಯನ್ನು ಪಡೆದಿದ್ದೇವೆ: ಕೆಲವು ಸಲ ಒಂಬತ್ತು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಹೆಚ್ಚು ಸಲ ಊರಿನಲ್ಲಿಯೇ. ಇವಲ್ಲದೆ ಪೇಟೆಯ ಒಂದು ದೊಡ್ಡ ಕೇಂದ್ರದಿಂದ ಲಸಿಕೆಯಿಲ್ಲದೆ ಹಿಂದಿರುಗಿಯೂ ಬಂದಿದ್ದೇವೆ. ಆ ಅನುಭವದ ಮೇಲೆ ಹೇಳುವುದಾದರೆ, ಮನೆಮನೆಯನ್ನು ಬಲ್ಲ ಇಬ್ಬರು ಹೆಂಗಸರ (ಆರೋಗ್ಯ ಸಹಾಯಕಿ ಮತ್ತು ಆಶಾ ಕಾರ್ಯಕರ್ತೆ) ಕೈಯಲ್ಲಿದ್ದಾಗ ಈ ಸೇವೆ ನಾನು ಕಂಡ ಸರ್ಕಾರಿ ಸೇವೆಗಳಲ್ಲೆಲ್ಲ ಉತ್ತಮವಾಗಿತ್ತು. ಮೊಬೈಲಿನ ಕೈಗೆ ಹೋದಾಗ ನಮ್ಮಂಥವರಿಗೆ ಎಟುಕಲಿಲ್ಲ.

ಮೊದಲಿನ ದಿನಗಳನ್ನು ಸ್ವಲ್ಪ ಹೇಳಬೇಕು. 2020ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿದು, ಬಿಡಕಿಬೈಲಿನ ಗದ್ದಿಗೆಯಿಂದ ದೇವಿ ಏಳುವುದನ್ನು ನೋಡಿ ಮನೆಗೆ ಬಂದು ಎರಡು ವಾರ ಆಗುವಷ್ಟರಲ್ಲಿ ದೇಶವೆಲ್ಲ ಬಾಗಿಲು ಹಾಕಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲು ಸೋಂಕು ಕಾಣಿಸಿಕೊಂಡದ್ದು ಭಟ್ಕಳದಲ್ಲಿ. ಅಲ್ಲಿಯ ಮೊದಲ ರೋಗಿಗಳಿಗೆ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಘಟ್ಟದ ಮೇಲಿನ ನಾವು ಅದನ್ನು ಕೆಳಗಿನ ಸುದ್ದಿಯೆಂದೇ ಕೇಳುತ್ತಿದ್ದೆವು. ಆದರೆ ಅಡಿಕೆ ವ್ಯಾಪಾರ ನಿಂತಿತು, ಬಾಳೆಗೊನೆ ತೋಟದಲ್ಲೇ ಹಣ್ಣಾಯಿತು, ಬಸ್ಸು ನಿಂತಿತು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು, ಸಿಗ್ನಲ್ ಸಿಗುವ ಗುಡ್ಡದ ಮೇಲಿನ ಹಳೆಯ ದನದ ಕೊಟ್ಟಿಗೆಯಲ್ಲಿ ಮೇಜು ಹಾಕಿಕೊಂಡಳು. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇದೆ. ಅದಕ್ಕೆ ಅಮೃತಬಳ್ಳಿ ಸೇರಿತು. ಗಂಟಲಿಗೆ ಹಿತವಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದನ್ನೇ ಲಸಿಕೆಗೆ ಬದಲಿಯೆಂದು ನಂಬಿ ಕುಳಿತವರನ್ನು ಕಂಡು ನನಗೆ ಭಯವಾಗುತ್ತಿತ್ತು.

ಲಸಿಕೆಗೆ ನಮ್ಮ ಭಾಗದಲ್ಲಿ ಇನ್ನೊಂದು ಹಿನ್ನೆಲೆಯೂ ಇದೆ. ನನ್ನ ಹೆಂಡತಿಯ ತವರು ಪಕ್ಕದ ಸಿದ್ದಾಪುರ ತಾಲ್ಲೂಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಅಲ್ಲಿಗೆ ಹೊಸದಲ್ಲ. ಸೊಪ್ಪಿಗೂ ದರಗಿಗೂ ಕಾಡಿಗೆ ಹೋಗುವವರು ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳು) ಕಚ್ಚದಂತೆ ಮೈಗೆ ಎಣ್ಣೆ ಸವರಿಕೊಳ್ಳುವುದು, ಆರೋಗ್ಯ ಇಲಾಖೆಯವರು ಊರಿಗೆ ಬಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಮತ್ತೆ ಮತ್ತೆ ಬೂಸ್ಟರ್ ಕೊಡುವುದು ಅವರಿಗೆ ರೂಢಿಯಾಗಿತ್ತು. ಆದ್ದರಿಂದ "ಒಂದೇ ಸಲ ಹಾಕಿದರೆ ಸಾಲದೇ?" ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಮೊದಲೇ ಇತ್ತು. ಆ ಚುಚ್ಚುಮದ್ದು ಬಹಳ ಉರಿಯುತ್ತಿತ್ತು. ಅದರ ಹೆದರಿಕೆಯಿಂದ ಮುಂದಿನ ಡೋಸಿಗೆ ಬಾರದವರನ್ನು ನನ್ನ ಹೆಂಡತಿ ಕಂಡಿದ್ದಳು. ಕೋವಿಶೀಲ್ಡ್ ಹಾಕಿಸಿಕೊಂಡ ಮೇಲೆ ಅವಳ ಮೊದಲ ಮಾತು, "ಸೂಜಿ ಹಾಕಿದ್ದೇ ಗೊತ್ತಾಜಿಲ್ಲೆ" ಎಂಬುದು. ಈ ಒಂದು ಮಾತು ಕೇರಿಯಲ್ಲಿ ಮಾಡಿದ ಕೆಲಸವನ್ನು ಯಾವ ಭಿತ್ತಿಪತ್ರವೂ ಮಾಡಿರಲಿಕ್ಕಿಲ್ಲ.

ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು, ಆರೋಗ್ಯ ಕಾರ್ಯಕರ್ತರಿಂದ. ಮಾರ್ಚ್ 1ರಿಂದ 60 ದಾಟಿದವರಿಗೂ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಅವಕಾಶವಾಯಿತು. ಆಯಿ ತಾನೊಬ್ಬಳೇ ಹೋಗಲಾರೆನೆಂದು ನನಗೂ ನನ್ನ ಹೆಂಡತಿಗೂ ಅವಕಾಶ ಬರುವವರೆಗೆ ಕಾದಳು. ಏಪ್ರಿಲ್ 9ರ ಶುಕ್ರವಾರ, ಯುಗಾದಿಗೆ ನಾಲ್ಕು ದಿನ ಇರುವಾಗ, ಬಾಡಿಗೆ ಓಮ್ನಿಯಲ್ಲಿ ಮೂವರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಂದು ಜನ ಕಡಿಮೆ. ಕೇಂದ್ರ ಶುಚಿಯಾಗಿತ್ತು, ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರು, ವೈದ್ಯಾಧಿಕಾರಿ ಆಯಿಯ ರಕ್ತದೊತ್ತಡ ನೋಡಿ, ಅವಳು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಓದಿಯೇ ಒಪ್ಪಿಗೆ ಕೊಟ್ಟರು. ಕಾಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಜನರ ಡೋಸ್ ಇರುತ್ತಿತ್ತು; ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಉಳಿದದ್ದನ್ನು ಎಸೆಯಬೇಕಿತ್ತು. ಆದ್ದರಿಂದ ಹತ್ತು ಜನ ಸೇರುವವರೆಗೂ ಬಾಟಲಿ ತೆರೆಯಲಿಲ್ಲ. ಒಂದೂವರೆ ಗಂಟೆ ಕುಳಿತೆವು. ಇದನ್ನು ಕೆಲವರು ದೂರಿದರು. ಕಾರಣ ಗೊತ್ತಾದ ಮೇಲೆ ನನಗದು ದೂರೆನಿಸಲಿಲ್ಲ. ಆ ಕಾರಣವನ್ನು ಬಾಗಿಲಲ್ಲಿ ಒಂದು ಹಾಳೆಯ ಮೇಲೆ ಬರೆದು ಅಂಟಿಸಿದ್ದರೆ ಎಷ್ಟೋ ಗೊಣಗಾಟ ತಪ್ಪುತ್ತಿತ್ತು.

ಅದೇ ಕೇಂದ್ರದ ಬಗ್ಗೆ ಮೂರು ವಾರಗಳ ನಂತರದ ಮಾತನ್ನೂ ಬರೆಯದೇ ಇರಲಾರೆ. ಅಪ್ಪಯ್ಯನ ತಮ್ಮ, ನಮ್ಮ ಅಪ್ಪಚ್ಚಿ, 68 ವರ್ಷದವರು, ಹಬ್ಬ ಮುಗಿಯಲಿ ಎಂದು ಮುಂದೂಡಿ ಏಪ್ರಿಲ್ ಕೊನೆಗೆ ಹೋದರು. ಆಗ ಎರಡನೇ ಅಲೆ ಎದ್ದಿತ್ತು, ಮೊದಲು ಬರದಿದ್ದವರೆಲ್ಲ ಒಮ್ಮೆಲೇ ಬಂದಿದ್ದರು, ಅವರ ಸರದಿ ಬರುವ ಮೊದಲು ಲಸಿಕೆ ಮುಗಿಯಿತು. ಏಪ್ರಿಲ್ 27ರ ಸಂಜೆಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ; ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಆ ನಡುವೆ ಎರಡನೆಯ ಬಾರಿ ಹೋದರು, ಅಂದೂ ಮೂವತ್ತು ಜನರಿಗೆ ಸಾಲುವಷ್ಟೇ ಬಂದಿತ್ತು, ಅವರ ಮುಂದೆ ನಲವತ್ತು ಜನ ಇದ್ದರು. ಎಷ್ಟು ಬಂದಿದೆ ಎಂಬುದನ್ನು ಬೆಳಿಗ್ಗೆ ಎಂಟಕ್ಕೆ ಹೇಳಿದ್ದರೆ ಅಷ್ಟು ಹೊತ್ತು ಆ ಗುಂಪಿನಲ್ಲಿ ನಿಲ್ಲಬೇಕಾಗಿರಲಿಲ್ಲ, ಹನ್ನೊಂದೂವರೆಗೆ ಹೇಳಿದರು. ಮೇ ತಿಂಗಳ ಮೂರನೆಯ ವಾರ ಅಪ್ಪಚ್ಚಿ ತೀರಿಕೊಂಡರು. ಲಸಿಕೆ ಸಿಕ್ಕಿದ್ದರೆ ಬದುಕುತ್ತಿದ್ದರೆಂದು ನಾನು ಹೇಳಲಾರೆ, ಸೋಂಕು ಎಲ್ಲಿ ತಗುಲಿತೆಂಬುದೂ ನಮಗೆ ತಿಳಿಯಲಿಲ್ಲ. ಅವರ ದೇಹವನ್ನು ಮನೆಯ ಅಂಗಳಕ್ಕೂ ತರಲಾಗಲಿಲ್ಲ, ಹನ್ನೆರಡನೇ ದಿನದ ಕಾರ್ಯಕ್ಕೆ ಐವರು ಇದ್ದೆವು. ಸರದಿಯಲ್ಲಿ ನಿಂತ ವೃದ್ಧರಿಗೆ ಇಂದು ಸಿಗುತ್ತದೋ ಇಲ್ಲವೋ ಎಂದು ಬೇಗ ಹೇಳುವುದು ಲಸಿಕೆಯ ಕೊರತೆಯ ನಡುವೆಯೂ ಸಾಧ್ಯವಿದ್ದ ಕೆಲಸ. ಅದು ಆಗಲಿಲ್ಲ. ಈ ಸೇವೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದು. ಮುಂದೆ ಹೇಳುವ ಒಳ್ಳೆಯ ಮಾತುಗಳಿಂದ ಇದು ಅಳಿಸಿಹೋಗುವುದಿಲ್ಲ.

ಮೇ ತಿಂಗಳಲ್ಲೇ ಇನ್ನೊಂದು ಗೊಂದಲ. ನಮಗೆ ಎರಡನೇ ಡೋಸನ್ನು ಆರರಿಂದ ಎಂಟು ವಾರದೊಳಗೆ ಎಂದಿದ್ದರು. ಆಯಿ ಗೋಡೆಯ ಕ್ಯಾಲೆಂಡರಿನಲ್ಲಿ ಮೇ 21ಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. ಮೇ 13ರಂದು ಕೋವಿಶೀಲ್ಡ್‌ನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದ ಸುದ್ದಿ ಬಂತು. ಲಸಿಕೆ ಇಲ್ಲದ್ದಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದು ಊರೆಲ್ಲ ಮಾತು. ನಮ್ಮ ಆಶಾ ಕಾರ್ಯಕರ್ತೆ ಅಂಗಳದ ಹೊರಗೆ ನಿಂತು, ಈ ಲಸಿಕೆ ಅಂತರ ಹೆಚ್ಚಿದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆಂದು ಹೊರದೇಶದ ಪರೀಕ್ಷೆಗಳಲ್ಲಿ ಕಂಡಿದೆಯಂತೆ ಎಂದು ತಮಗೆ ಸಭೆಯಲ್ಲಿ ಹೇಳಿದ್ದನ್ನು ಹೇಳಿ, "84 ದಿನ ಆಗೋ ತನಕ ಕಂಪ್ಯೂಟರ್ ತಗೊಳ್ಳೋದಿಲ್ಲ ಅಮ್ಮಾ, ಸುಮ್ಮನೆ ಅಲ್ಲೀ ತನಕ ಹೋಗಬೇಡಿ" ಎಂದರು. 84 ದಿನವೆಂದರೆ ಸರಿಯಾಗಿ ಹನ್ನೆರಡು ವಾರ, ಅದೇ ವಾರವೇ ಬರುತ್ತದೆ. ಆಯಿ ಪೆನ್ಸಿಲ್ ಗುರುತನ್ನು ಉಜ್ಜಿ ಜುಲೈ 2ರ ಶುಕ್ರವಾರಕ್ಕೆ ಹಾಕಿದಳು. ಪೇಟೆಯ ಕೇಂದ್ರಗಳಿಗೆ ಹೋಗಿ ಬರಿಗೈಯಲ್ಲಿ ಬಂದವರ ಕಥೆಗಳನ್ನು ಕೇಳಿದ ಮೇಲೆ ಆ ಹೆಂಗಸಿನ ಎರಡು ನಿಮಿಷದ ಮಾತಿನ ಬೆಲೆ ನನಗೆ ತಿಳಿಯಿತು.

ಮಗಳ ಕಥೆ ಬೇರೆ. 18 ದಾಟಿದವರಿಗೆ ಮೇ 1ರಿಂದ ಎಂದು ಘೋಷಣೆಯಾದರೂ ಮೊದಲ ವಾರಗಳಲ್ಲಿ ಅವರು ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಸ್ಲಾಟ್ ಹಿಡಿದೇ ಬರಬೇಕಿತ್ತು. ಅವಳು ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು, ಅಂಥವಳಿಗೂ ಆಗಲಿಲ್ಲ. ಗುಡ್ಡದ ಮೇಲೆ ಕುಳಿತು ಒಟಿಪಿ ಬರುವುದನ್ನು ಕಾಯುವಷ್ಟರಲ್ಲಿ ಸ್ಲಾಟುಗಳು ಮುಗಿದಿರುತ್ತಿದ್ದವು. ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ನಿಲ್ಲುತ್ತಿತ್ತು. ಒಂದು ದಿನ ಹೇಗೋ ಸಿಕ್ಕಿದ ಸ್ಲಾಟ್ ಹಿಡಿದು ಪೇಟೆಯ ದೊಡ್ಡ ಕೇಂದ್ರಕ್ಕೆ ಬೆಳಿಗ್ಗೆ ಐದೂವರೆಗೆ ಹೋದೆವು. ಅಲ್ಲಿ ಬೇರೆ ಜಿಲ್ಲೆಯ ನೋಂದಣಿಯ ಕಾರುಗಳು ಸಾಲಾಗಿ ನಿಂತಿದ್ದವು. ವೇಗದ ಇಂಟರ್‌ನೆಟ್ ಇದ್ದ ಊರುಗಳ ಯುವಕರು ನಮ್ಮ ತಾಲ್ಲೂಕಿನ ಸ್ಲಾಟುಗಳನ್ನು ಹಿಡಿದು ನೂರಾರು ಕಿಲೋಮೀಟರ್ ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮನೆಯಲ್ಲಿ ತಂದೆತಾಯಿ ಇದ್ದರು. ಆದರೆ ಅದೇ ಊರಿನ ಬೀದಿ ಗುಡಿಸುವ ಹುಡುಗ, ಬಸ್ ನಿಲ್ದಾಣದ ಹಣ್ಣಿನ ಅಂಗಡಿಯವನು ಗೇಟಿನ ಹೊರಗೆ ನಿಂತು ನೋಡುವಂತಾದದ್ದು ಅನ್ಯಾಯ. ನಮ್ಮ ಸರದಿ ಬಂದಾಗ, ಸಂಗ್ರಹ ಬಂದಿಲ್ಲವಾದ್ದರಿಂದ ಅಂದಿನ ಸ್ಲಾಟುಗಳು ರದ್ದಾಗಿವೆ ಎಂದರು. ಮೊಬೈಲಿಗೆ ಆ ಸಂದೇಶ ಮರುದಿನ ಬಂತು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಹೋಗೋಣವೆಂದರೆ ಅದು ಸುಮಾರು 100 ಕಿಲೋಮೀಟರ್. ಕೋವಿಶೀಲ್ಡ್‌ಗೆ ಖಾಸಗಿಯಲ್ಲಿ ಜೂನ್‌ನಲ್ಲಿ ನಿಗದಿಯಾದ ಗರಿಷ್ಠ ದರ 780 ರೂಪಾಯಿ. ನಮಗೆ ಕೊಡಲು ಆಗುತ್ತಿತ್ತು, ತೋಟಕ್ಕೆ ಬರುವ ಮಂದಿಗೆ ಅದು ಎರಡು ದಿನದ ಕೂಲಿ.

ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರದ ಲಸಿಕೆ ಉಚಿತವಾಯಿತು. ನೇರವಾಗಿ ಬಂದು ಹೆಸರು ಬರೆಸಿ ಹಾಕಿಸಿಕೊಳ್ಳಬಹುದಾಯಿತು. ವೃದ್ಧರಿಗೂ ಅಂಗವಿಕಲರಿಗೂ ಮನೆಯ ಹತ್ತಿರವೇ ಕೇಂದ್ರ ಮಾಡಬೇಕೆಂಬ ಸೂಚನೆ ಅದಕ್ಕೂ ಮೊದಲೇ ಬಂದಿತ್ತು. ಆಗ ನಮ್ಮೂರ ಶಾಲೆ ಲಸಿಕಾ ಕೇಂದ್ರವಾಯಿತು. ಮುಂಚಿನ ವಾರ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಪುಸ್ತಕದಲ್ಲಿ ಬರೆದುಕೊಂಡ ವಿವರಗಳನ್ನು ನಾನು ಕಂಡಿದ್ದೇನೆ. ಯಾರಿಗೆ ಮೊದಲನೆಯದು, ಯಾರಿಗೆ ಎರಡನೆಯದು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ನಡೆಯಲು ಆಗದು, ಯಾರು ಹೆದರಿದ್ದಾರೆ. ಕೊನೆಯ ಕಾಲಂ ಯಾವ ಸರ್ಕಾರಿ ನಮೂನೆಯಲ್ಲೂ ಇರಲಿಲ್ಲ, ಅವರೇ ಗೆರೆ ಎಳೆದುಕೊಂಡದ್ದು.

ಹೆದರಿಕೆ ಸಣ್ಣದಾಗಿರಲಿಲ್ಲ. ಲಸಿಕೆ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ಸುಳ್ಳುಗಳು ವಾಟ್ಸ್ಆ್ಯಪಿನಲ್ಲಿ ಗುಡ್ಡದಾಚೆಯ ಕೇರಿಗೂ ತಲುಪಿದ್ದವು. ಆದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರ ಅಳುಕು ಬೇರೆ ಬಗೆಯದು, ನ್ಯಾಯವಾದದ್ದು. ಮಳೆಗಾಲವೆಂದರೆ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ ಹೊಡೆಯುವ ಕಾಲ. ಕಾಲಿಗೆ ತಳೆ ಹಾಕಿ, ನೆನೆದ ಮರದಲ್ಲಿ ಐವತ್ತು ಅರವತ್ತು ಅಡಿ ಏರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಮನುಷ್ಯನಿಗೆ ಜ್ವರ, ಮೈಕೈ ನೋವು, ಎತ್ತಲಾಗದ ತೋಳು ಎಂದರೆ ಕೂಲಿ ತಪ್ಪುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. "ಎರಡು ದಿನ ಕೈ ಬರದಿದ್ರೆ ಯಾರ ಮರ ಹತ್ತೂದು ಹೆಗಡೇರೆ?" ಎಂದು ನಮ್ಮ ತೋಟಕ್ಕೆ ಬರುವ ಕೊನೆಗೌಡ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಆಶಾ ಕಾರ್ಯಕರ್ತೆಯಲ್ಲಿತ್ತು. ತೋಟಕ್ಕೆ ಮೊದಲ ಮದ್ದು ಹೊಡೆಯುವುದು ಜೂನ್ ನಡುವಿಗೆ ಮುಗಿಯುತ್ತದೆ, ಎರಡನೆಯದಕ್ಕೆ ನಲವತ್ತು ದಿನದ ಮೇಲಾಗುತ್ತದೆ. ಆದ್ದರಿಂದ ಜುಲೈ ಮೊದಲ ವಾರವೇ ಸರಿ ಎಂದು ಲೆಕ್ಕ ಹಾಕಿ, ತಮ್ಮ ಮೇಲಿನವರಲ್ಲಿ ಕೇಳಿ ನಮ್ಮೂರಿಗೆ ಆ ಶುಕ್ರವಾರವನ್ನು ಗೊತ್ತು ಮಾಡಿಸಿದ್ದರು. ಲಸಿಕೆಯ ಮರುದಿನ, ಅದರ ಮರುದಿನ ಯಾರನ್ನೂ ಮರ ಹತ್ತಿಸಬಾರದೆಂದು ತೋಟದ ಮನೆಗಳಿಗೆಲ್ಲ ಹೇಳಿ ಒಪ್ಪಿಸಿದರು. ಕೆಲವು ಮನೆಯವರು ಆ ಎರಡು ದಿನದ ಅರ್ಧ ಕೂಲಿಯನ್ನೂ ಕೊಟ್ಟೆವು. ಪೂರ್ತಿ ಕೊಡಬೇಕಿತ್ತು ಎಂದು ಈಗ ಅನಿಸುತ್ತದೆ. ಸರ್ಕಾರದ ಸೇವೆಯೊಂದು ನಮ್ಮ ಬೇಸಾಯದ ಪಂಚಾಂಗ ನೋಡಿ ದಿನ ಗೊತ್ತು ಮಾಡಿದ್ದನ್ನು ನಾನು ನನ್ನ 52 ವರ್ಷದಲ್ಲಿ ಕಂಡದ್ದು ಅದೊಂದೇ ಸಲ.

ಆ ದಿನದ ನಡವಳಿಕೆಯನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸೇವೆಯ ಗುಣ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಆರೋಗ್ಯ ಸಹಾಯಕಿ, ಊರಿನವರ ಬಾಯಲ್ಲಿ ಸಿಸ್ಟರ್, ಒಂಬತ್ತೂವರೆಗೆ ಸ್ಕೂಟಿಯಲ್ಲಿ ನೀಲಿ ಲಸಿಕಾ ಪೆಟ್ಟಿಗೆ ತಂದರು. ಈ ಲಸಿಕೆ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಹಾಗಾಗಿ ಪೆಟ್ಟಿಗೆಯ ನಾಲ್ಕು ಬದಿಗೆ ಇಡುವ ಹಿಮದ ಪ್ಯಾಕುಗಳನ್ನು ಡೀಪ್ ಫ್ರೀಜರಿನಿಂದ ತೆಗೆದ ಕೂಡಲೇ ತುಂಬುವಂತಿಲ್ಲ. ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳುವಷ್ಟು ಕರಗಿದ ಮೇಲೆಯೇ ಇಡಬೇಕು. ಬೆಳಿಗ್ಗೆ ಆರೂವರೆಗೆ ಆರೋಗ್ಯ ಕೇಂದ್ರದಲ್ಲಿ ಒಂದೊಂದೇ ಪ್ಯಾಕನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಿ ತಂದಿದ್ದೇನೆಂದು ಮಗಳು ಕೇಳಿದಾಗ ಅವರು ಹೇಳಿದರು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಲ್ಲಿಯ ಫ್ರಿಜ್ಜಿನ ಗೋಡೆಯೊಳಗೇ ಹಿಮದ ಪದರವಿರುವುದರಿಂದ ದಿನಕ್ಕೆ ಎಂಟು ಗಂಟೆ ವಿದ್ಯುತ್ ಸಿಕ್ಕರೂ ತಂಪು ಉಳಿಯುತ್ತದೆ ಎಂಬುದನ್ನೂ ಅವರಿಂದಲೇ ತಿಳಿದೆವು.

ಬಾಟಲಿ ತೆರೆದ ಗಳಿಗೆಯಲ್ಲಿ ಅದರ ಮೇಲೆ ಪೆನ್ನಿನಿಂದ ಸಮಯ ಬರೆದರು. ಒಬ್ಬೊಬ್ಬರಿಗೂ ಹೊಸ ಸಿರಿಂಜಿನ ಕವರನ್ನು ಅವರ ಕಣ್ಣೆದುರಿಗೇ ಹರಿದರು. ಅರ್ಧ ಮಿಲಿಲೀಟರ್ ತುಂಬಿ, ಒಮ್ಮೆ ಒತ್ತಿದ ಮೇಲೆ ಮತ್ತೆ ಎಳೆಯಲು ಬಾರದ ಸಿರಿಂಜು ಅದು. ಚುಚ್ಚಿದ ಕೂಡಲೇ ಸೂಜಿಯನ್ನು ಕತ್ತರಿಸುವ ಡಬ್ಬಿಗೆ ಹಾಕಿದರು. ಯಾವ ಲಸಿಕೆ, ಎಷ್ಟನೆಯ ಡೋಸ್ ಎಂದು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿದರು. ಹೆಂಗಸರಿಗೆ ತೋಳು ತೆರೆಯಲು ತರಗತಿಯ ಬಾಗಿಲಿಗೆ ಸೀರೆಯೊಂದನ್ನು ಅಡ್ಡ ಕಟ್ಟಿದ್ದರು. ಆಮೇಲೆ ಮಕ್ಕಳ ಬೆಂಚುಗಳಲ್ಲಿ ಅರ್ಧ ಗಂಟೆ ಕೂರಿಸಿದರು. "ಕೆಲಸ ಇದ್ದು" ಎಂದು ಎದ್ದವರನ್ನು ಬಿಡಲಿಲ್ಲ. ಆಯಿ ಕುಳಿತ ಬೆಂಚಿನ ಎದುರು ಗೋಡೆಯ ಮೇಲೆ ಮಗ್ಗಿ ಬರೆದಿತ್ತು, ಅವಳು ಅದನ್ನು ಓದಿಕೊಂಡೇ ಸಮಯ ಕಳೆದಳು. ಕೊರತೆಗಳೂ ಇದ್ದವು. ಶಾಲೆಯ ಶೌಚಾಲಯಕ್ಕೆ ನೀರಿರಲಿಲ್ಲ. ಮೆಟ್ಟಿಲಿಗೆ ಹಿಡಿಕೆಯಿಲ್ಲದೆ ಇಬ್ಬರು ವೃದ್ಧರು ಕೆಳಗೇ ನಿಂತರು. ಸಿಸ್ಟರ್ ಇಳಿದು ಹೋಗಿ ಜೀಪಿನ ಸೀಟಿನಲ್ಲೇ ಅವರಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಸಿಸ್ಟರ್ ಅವರ ಫೋನ್ ಬಂತು. ನನಗೂ ಆಯಿಗೂ ಏನೂ ಆಗಿರಲಿಲ್ಲ. ಮಗಳಿಗೆ ರಾತ್ರಿ 101 ಡಿಗ್ರಿ ಜ್ವರ, ನಡುಕ. ಕೊಟ್ಟಿದ್ದ ಪ್ಯಾರಾಸಿಟಮಾಲ್ ಸಾಕಾಯಿತು, ಮೂರನೆಯ ದಿನ ಅವಳು ಗುಡ್ಡ ಹತ್ತಿದಳು. ಇಪ್ಪತ್ತು ದಿನದೊಳಗೆ ಉಸಿರಾಟದ ತೊಂದರೆ, ಎದೆನೋವು, ಬಿಡದ ತಲೆನೋವು, ಕಾಲು ಊತ ಕಂಡರೆ ತಡಮಾಡದೆ ತಿಳಿಸಬೇಕೆಂದು ಸಿಸ್ಟರ್ ಜಗಲಿಯಲ್ಲಿಯೇ ಹೇಳಿದ್ದರು. ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಂತೆ ಹೇಳಿದ ಮಾತು ಅದು. 2024ರ ಏಪ್ರಿಲ್‌ನಲ್ಲಿ, ಈ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು ಇದರ ಮೂಲ ಕಂಪನಿಯಾದ ಅಸ್ಟ್ರಾಜೆನೆಕಾ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನೆರೆಯವರು ಗಾಬರಿಯಾದರು. ಲಸಿಕೆ ಪಡೆದ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವ ತೊಂದರೆ ಅದು, ಮೂರು ವರ್ಷದ ಮೇಲೆ ಹೆದರಬೇಕಾದ್ದಲ್ಲ ಎಂದು ನಾನು ಸಮಾಧಾನ ಹೇಳಲು ಸಾಧ್ಯವಾದದ್ದು, ಅಂದು ಜಗಲಿಯಲ್ಲಿ ನಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂಬ ನೆನಪಿನಿಂದ. ಬರವಣಿಗೆಯಲ್ಲಿಯೂ ಒಂದು ಚೀಟಿ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಓದಲು ಬಲ್ಲವರು ಪ್ರತಿ ಮನೆಯಲ್ಲೂ ಇದ್ದರು.

ಜುಲೈ 22 ಮತ್ತು 23ರ ಮಳೆಯನ್ನು ಜಿಲ್ಲೆಯವರು ಮರೆಯಲಾರರು. ಗುಳ್ಳಾಪುರದಲ್ಲಿ ಗಂಗಾವಳಿ ಸೇತುವೆಯನ್ನೇ ಕೊಂಡೊಯ್ದಿತು, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ ಮನೆಗಳು ಹೋದವು. ನಮ್ಮಲ್ಲಿ ಅಷ್ಟು ಆಗಲಿಲ್ಲ, ಆದರೆ ಹಳ್ಳದಾಚೆಯ ಕೇರಿಗೆ ಹೋಗುವ ರಸ್ತೆ ಕಡಿಯಿತು, ಕರೆಂಟು ಆರು ದಿನ ಇರಲಿಲ್ಲ. ಆ ಕೇರಿಯ ಲಸಿಕೆಗೆ ಗೊತ್ತು ಮಾಡಿದ್ದ ದಿನ ತಪ್ಪಿತು. ಮುಂದಿನ ವಾರ ಇಬ್ಬರೂ ಹೆಂಗಸರು ಸ್ಕೂಟಿಯನ್ನು ನಮ್ಮ ಅಂಗಳದಲ್ಲಿ ಬಿಟ್ಟು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಅಡಿಕೆ ಮರದ ಕಾಲುಸಂಕ ದಾಟಿ ನಡೆದರು. ಕೆಂಪು ನೀರು ಸಂಕಕ್ಕೆ ಒಂದು ಮೊಳ ಕೆಳಗೆ ಹರಿಯುತ್ತಿತ್ತು. ಕೊನೆಗೌಡನ ಮಗ ಆಚೆ ದಡದಿಂದ ಬಂದು ಪೆಟ್ಟಿಗೆ ಹಿಡಿದುಕೊಂಡ. ಅಂದು ಹದಿನೆಂಟು ಜನರಿಗೆ ಹಾಕಿ ಸಂಜೆ ನಾಲ್ಕಕ್ಕೆ ಹಿಂದಿರುಗಿ ನಮ್ಮಲ್ಲಿ ಚಹಾ ಕುಡಿದರು. ಎರಡು ಬಾಟಲಿಯಲ್ಲಿ ಎರಡು ಡೋಸ್ ಹಾಳಾಯಿತಲ್ಲ ಎಂಬುದೇ ಸಿಸ್ಟರ್‌ಗೆ ಬೇಸರ.

ಸೆಪ್ಟೆಂಬರ್ 17ರ ಲಸಿಕಾ ಮೇಳದಲ್ಲಿ ಶಾಮಿಯಾನ, ಮೈಕು ಎಲ್ಲ ಇತ್ತು. ಮಗಳಿಗೆ ಅಂದಿಗೆ 77 ದಿನ; ಹಾಕಲಿಲ್ಲ. ಸೆಪ್ಟೆಂಬರ್ 24ಕ್ಕೆ ಬಂದರೆ ಜಗಲಿಯಲ್ಲಿ ಹನ್ನೊಂದೇ ಜನ, ಅದೇ ಶಿಸ್ತು, ಅದೇ ಅರ್ಧ ಗಂಟೆ. ಅಕ್ಟೋಬರ್ 25ರಿಂದ ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಗೆ ಬಂದರು, ಲಸಿಕೆ ಅಂಗನವಾಡಿಗೆ ಹೋಯಿತು.

ದಾಖಲೆಯ ವಿಷಯದಲ್ಲಿ ಸೇವೆ ಕಳಪೆ. ಆಯಿಯ ಪ್ರಮಾಣಪತ್ರದಲ್ಲಿ ಅವಳ ಹೆಸರು ಬೇರೆ ಯಾರದೋ ಹೆಸರಿನಂತೆ ಮೂಡಿತು, ಹುಟ್ಟಿದ ವರ್ಷವೂ ತಪ್ಪು. ಜಾಲತಾಣದಲ್ಲಿ ತಿದ್ದಲು ಅವಕಾಶ ಇತ್ತು, ಒಮ್ಮೆ ತಿದ್ದಿದ ಮೇಲೆ ಮತ್ತೆ ತಪ್ಪು ಬಂದು ಎರಡು ತಿಂಗಳು ಹಿಡಿಯಿತು. ಒಂದು ಮೊಬೈಲ್ ಸಂಖ್ಯೆಗೆ ನಾಲ್ವರ ಹೆಸರನ್ನು ಮಾತ್ರ ಸೇರಿಸಬಹುದಿತ್ತು. ಮೊಬೈಲೇ ಇಲ್ಲದ ಮನೆಗಳಿಗೆ ಆಶಾ ಕಾರ್ಯಕರ್ತೆ ತಮ್ಮ ಸಂಖ್ಯೆ, ಗಂಡನ ಸಂಖ್ಯೆ, ತಂಗಿಯ ಸಂಖ್ಯೆ ಕೊಟ್ಟು ನೋಂದಾಯಿಸಿದ್ದರು. ಆ ಮಂದಿಯ ಪ್ರಮಾಣಪತ್ರಗಳೆಲ್ಲ ಅವರ ಫೋನಿನಲ್ಲಿದ್ದವು. ಗೋವೆಗೆ ಕೆಲಸಕ್ಕೆ ಹೊರಟ ಹುಡುಗರಿಗೆ ದಾರಿಯಲ್ಲಿ ತೋರಿಸಲು ಅದನ್ನು ಮುದ್ರಿಸಿ ಕೊಡುವ ಖರ್ಚೂ ಅವರದೇ ಆಯಿತು.

2022ರ ಮಾರ್ಚ್‌ನಲ್ಲಿ ಮಾರಿಕಾಂಬೆಯ ಜಾತ್ರೆ ಮತ್ತೆ ನಡೆಯಿತು. ಆಯಿ ಎರಡು ವರ್ಷದ ಮೇಲೆ ಮೊದಲ ಬಾರಿ ಅಷ್ಟು ಜನರ ನಡುವೆ ನಿಂತು ದೇವಿಗೆ ಉಡಿ ತುಂಬಿದಳು. 60 ದಾಟಿದ ಎಲ್ಲರಿಗೂ ಮುನ್ನೆಚ್ಚರಿಕೆ ಡೋಸ್ ಕೊಡಲು ಆಗಷ್ಟೇ ಆರಂಭವಾಗಿತ್ತು. ಆಗ ಎರಡನೇ ಡೋಸಿನಿಂದ 39 ವಾರ ಆಗಬೇಕಿತ್ತು. ಲೆಕ್ಕಕ್ಕೆ ಅದು ಏಪ್ರಿಲ್ 1, ಯುಗಾದಿಯ ಹಿಂದಿನ ದಿನ. ಹಬ್ಬದ ದಿನ ಜ್ವರ ಬೇಡವೆಂದು ಆಯಿ ಹಿಂದೆ ಸರಿದಾಗ ಆಶಾ ಕಾರ್ಯಕರ್ತೆ ಒತ್ತಾಯಿಸದೆ ಮುಂದಿನ ಶುಕ್ರವಾರಕ್ಕೆ ಬರೆದುಕೊಂಡರು, ಆ ದಿನ ಮನೆಗೇ ಬಂದು ನೆನಪಿಸಿದರು. ನನಗೂ ಹೆಂಡತಿಗೂ ಅದೇ ವರ್ಷ ಜುಲೈ 15ರ ಬಳಿಕ ಉಚಿತವಾದಾಗ ಆಯಿತು; ಮಗಳು ಅದಾಗಲೇ ಬೆಂಗಳೂರಿಗೆ ಮರಳಿದ್ದಳು, ಅಲ್ಲಿ ಹಾಕಿಸಿಕೊಳ್ಳಲಿಲ್ಲ. ನೆನಪಿಸುವವರು ಯಾರೂ ಇರಲಿಲ್ಲ ಎಂದಳು.

ಆ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ನಮ್ಮವರಿಗೆ ಅದರ ಸುದ್ದಿ ಹೇಳಿದ್ದು ನಾನು. ಅವರು ಸಂತೋಷಪಟ್ಟರು, ಆಮೇಲೆ ಎರಡು ತಿಂಗಳ ಪ್ರೋತ್ಸಾಹಧನ ಬಾಕಿ ಇದೆ ಎಂದರು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ನಿಗದಿತ ಗೌರವಧನ ಕೇಳಿ ಮುಷ್ಕರ ಮಾಡಿದಾಗ, ಇಂಥ ಹೊತ್ತಿನಲ್ಲಿ ಮುಷ್ಕರವೇ ಎಂದು ಅಂದುಕೊಂಡವರಲ್ಲಿ ನಾನೂ ಇದ್ದೆ. ಅದು ನನ್ನ ತಪ್ಪು ತಿಳಿವಳಿಕೆ. ಈ ಸೇವೆಗೆ ನಾನು ಒಳ್ಳೆಯ ಅಂಕ ಕೊಡುವುದು ಅವರ ಕೆಲಸಕ್ಕೆ, ಅವರಿಗೆ ಸಲ್ಲಬೇಕಾದ ಹಣ ಸಲ್ಲದೆ ಆ ಅಂಕಕ್ಕೆ ಅರ್ಥವಿಲ್ಲ.

ಈಗ ಶಾಲೆಯ ಜಗಲಿಯಲ್ಲಿ ಮಕ್ಕಳು ಊಟಕ್ಕೆ ಕೂರುತ್ತಾರೆ. ಗುರುವಾರಗಳಂದು ಪಕ್ಕದ ಅಂಗನವಾಡಿಯಲ್ಲಿ ಅದೇ ಸಿಸ್ಟರ್ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಾರೆ, ಪೆಟ್ಟಿಗೆಯೂ ಅದೇ. ಆ ಏಳು ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಮತ್ತು ಶೌಚಾಲಯಕ್ಕೆ ನೀರಿನ ಪೈಪು ಆಗಬೇಕೆಂದು ಎರಡು ಗ್ರಾಮಸಭೆಗಳಲ್ಲಿ ಬರೆದು ಕೊಟ್ಟಿದ್ದೇವೆ. ಪೈಪು ಬಂದಿದೆ. ಹಿಡಿಕೆಗೆ ಇನ್ನೂ ಕೇಳುತ್ತಿದ್ದೇವೆ.